ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್: ಯಾವುದು ಮೊದಲು, ಯಾವುದು ಆಮೇಲೆ

ನನಗೆ ಗೊತ್ತಿರುವ ಕನ್ನಡದವರಲ್ಲಿ ವಿಮಾನ ಹಾರಿಸುವುದನ್ನು ಕಲಿಯಲು ಹೊರಟವರು ಹತ್ತು ಹನ್ನೆರಡು ಜನ. ಲೈಸೆನ್ಸ್ ಕೈಗೆ ಬಂದದ್ದು ನಾಲ್ಕು ಜನಕ್ಕೆ. ಉಳಿದವರು ಇಪ್ಪತ್ತು, ಇಪ್ಪತ್ತೈದು ಗಂಟೆ ಹಾರಿಸಿ ನಿಂತುಬಿಟ್ಟರು. ಹಾರಿಸಲು ಬರದೆ ಬಿಟ್ಟವರು ಒಬ್ಬರೂ ಇಲ್ಲ. ಒಬ್ಬರಿಗೆ ಮೆಡಿಕಲ್, ಅಂದರೆ ಆರೋಗ್ಯ ತಪಾಸಣೆಯ ಸರ್ಟಿಫಿಕೇಟ್ ಸಿಗಲಿಲ್ಲ, ಅದು ಗೊತ್ತಾಗುವಷ್ಟರಲ್ಲಿ ಆರು ಸಾವಿರ ಡಾಲರ್ ಖರ್ಚಾಗಿತ್ತು. ಇನ್ನೊಬ್ಬರು ಲಿಖಿತ ಪರೀಕ್ಷೆಯನ್ನು ನಾಳೆ ನಾಳೆ ಎಂದು ಮುಂದೂಡುತ್ತಲೇ ಹೋದರು. ಮತ್ತೊಬ್ಬರು ಎರಡು ವಾರಕ್ಕೊಂದು ಪಾಠ ತೆಗೆದುಕೊಂಡು, ಪ್ರತಿ ಸಲವೂ ಹಿಂದಿನ ಪಾಠವನ್ನೇ ಮತ್ತೆ ಕಲಿತರು.

ಎಲ್ಲರೂ ಎಡವಿದ್ದು ಕೆಲಸಗಳ ಸಾಲಿನಲ್ಲಿ. ಅದಕ್ಕೇ ಇದನ್ನು ಸಾಲಾಗಿ ಬರೆಯುತ್ತಿದ್ದೇನೆ. ಇದು ಅಮೆರಿಕದಲ್ಲಿ ಇದ್ದುಕೊಂಡು, ಕೆಲಸ ಮಾಡುತ್ತಾ, ಹವ್ಯಾಸಕ್ಕೆ ಕಲಿಯುವವರಿಗೆ. ನಾನು ಕಲಿತದ್ದು ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದಲ್ಲಿ. ಆದ್ದರಿಂದ ಉದಾಹರಣೆಗಳು ಬೇ ಏರಿಯಾದವು, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನವು. ನಿಯಮಗಳು ಎಲ್ಲ ರಾಜ್ಯಕ್ಕೂ ಒಂದೇ, ಅವು ಎಫ್‌ಎಎ, ಅಂದರೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯವು.

ಈ ಲೈಸೆನ್ಸ್ ಇದ್ದರೆ ಸಣ್ಣ ವಿಮಾನದಲ್ಲಿ ನೀವು ಮತ್ತು ನಿಮ್ಮವರು ಹೋಗಬಹುದು. ಅದರಿಂದ ದುಡ್ಡು ಸಂಪಾದಿಸುವಂತಿಲ್ಲ. ಮೋಡದೊಳಗೆ ಹೋಗುವಂತಿಲ್ಲ, ಅದಕ್ಕೆ ಬೇರೆ ರೇಟಿಂಗ್, ಅಂದರೆ ಇನ್ನೊಂದು ಅರ್ಹತೆ ಬೇಕು. ಇದನ್ನೇ ಹಿಡಿದು ಜಕ್ಕೂರಿನಲ್ಲಿ ಹಾರಿಸಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ನೇರವಾಗಿ ಆಗಲ್ಲ. ಅಲ್ಲಿ ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಒಪ್ಪಿಗೆ ಬೇಕು, ಅದರ ದಾರಿಯೇ ಬೇರೆ.

ಹಂತ 1: ಹೆಸರು ಸರಿ ಮಾಡಿಕೊಳ್ಳಿ

ನಗಬೇಡಿ. ನಮ್ಮವರಿಗೆ ಮೊದಲ ತೊಂದರೆ ಶುರುವಾಗುವುದು ಇಲ್ಲೇ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂದು), ಡ್ರೈವಿಂಗ್ ಲೈಸೆನ್ಸಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಆಫೀಸಿನಲ್ಲಿ ಊರಿನ ಹೆಸರು. ಇಲ್ಲಿ ನಿಮ್ಮ ಹೆಸರು ಕನಿಷ್ಠ ಐದು ಕಡೆ ಬೀಳುತ್ತದೆ: ಮೆಡಿಕಲ್, ಟಿಎಸ್‌ಎ (ಸಾರಿಗೆ ಭದ್ರತಾ ಸಂಸ್ಥೆ), ಸ್ಟೂಡೆಂಟ್ ಪೈಲಟ್ ಅರ್ಜಿ, ಲಿಖಿತ ಪರೀಕ್ಷೆ, ಕೊನೆಯ ಚೆಕ್‌ರೈಡ್ (ಪರೀಕ್ಷಕರ ಮುಂದೆ ಹಾರಿಸಿ ತೋರಿಸುವ ಪರೀಕ್ಷೆ). ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು ಎಂದಾದರೆ ಪರೀಕ್ಷೆಯ ದಿನ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ಯಾವ ಗುರುತಿನ ಚೀಟಿಯನ್ನು ಕೊನೆಯ ದಿನ ತೋರಿಸುತ್ತೀರೋ, ಅದರಲ್ಲಿ ಇರುವ ಹಾಗೆಯೇ ಎಲ್ಲ ಕಡೆ ಬರೆಯಿರಿ. ಪಾಸ್‌ಪೋರ್ಟಿಗೂ ಡ್ರೈವಿಂಗ್ ಲೈಸೆನ್ಸಿಗೂ ತಾಳೆ ಇಲ್ಲದಿದ್ದರೆ, ಅದನ್ನು ಸರಿ ಮಾಡಿಸಿಕೊಂಡೇ ಮುಂದೆ ಹೋಗಿ.

ಹಂತ 2: ಮೆಡಿಕಲ್, ಅದೂ ದುಡ್ಡು ಕಟ್ಟುವ ಮೊದಲು

ನಿಮಗೆ ಬೇಕಾದದ್ದು ಥರ್ಡ್ ಕ್ಲಾಸ್ ಮೆಡಿಕಲ್. ಎಫ್‌ಎಎಯ ಮೆಡ್‌ಎಕ್ಸ್‌ಪ್ರೆಸ್ ತಾಣದಲ್ಲಿ ಫಾರಂ ತುಂಬಿ, ಎಫ್‌ಎಎ ಒಪ್ಪಿದ ಡಾಕ್ಟರ ಹತ್ತಿರ ಹೋಗಬೇಕು. ಇವರನ್ನು ಎಎಂಇ ಎನ್ನುತ್ತಾರೆ. ನಿಮ್ಮ ಮಾಮೂಲಿ ಡಾಕ್ಟರ್ ಇದನ್ನು ಕೊಡಲು ಬರುವುದಿಲ್ಲ. ಕನ್ನಡಕ ಇದ್ದರೆ ಪರವಾಗಿಲ್ಲ, ಹಾಕಿಕೊಂಡಾಗ 20/40 ಕಂಡರೆ ಸಾಕು. 40 ವರ್ಷದೊಳಗೆ ಮಾಡಿಸಿದರೆ 60 ತಿಂಗಳು, 40 ದಾಟಿದ ಮೇಲಾದರೆ 24 ತಿಂಗಳು ನಡೆಯುತ್ತದೆ.

ಎಡವುವುದು ಎಲ್ಲಿ ಗೊತ್ತಾ? ಫಾರಂ ತುಂಬಿ ಡಾಕ್ಟರ ಮುಂದೆ ಕೂತು, ಅವರು ಅದನ್ನು ಕಂಪ್ಯೂಟರಿನಲ್ಲಿ ತೆರೆದ ಮೇಲೆ ಹಿಂದಕ್ಕೆ ಬರಲು ಆಗಲ್ಲ. "ಬೇಡ ಬಿಡಿ, ಆಮೇಲೆ ಬರುತ್ತೇನೆ" ಎನ್ನುವ ಹಾಗಿಲ್ಲ. ಆದ್ದರಿಂದ ಏನಾದರೂ ಅನುಮಾನ ಇದ್ದರೆ, ಮೊದಲು ಬರೀ ಸಲಹೆಗೆ ಅಂತ ಹೇಳಿ ಎಎಂಇ ಜತೆ ಮಾತಾಡಿ. ಫಾರಂ ತುಂಬಿದಾಗ ಸಿಗುವ ನಂಬರ್ ಕೊಡಬೇಡಿ.

ಮುಂಚಿತವಾಗಿ ಕೇಳಲೇಬೇಕಾದ ವಿಷಯಗಳು: ಸಕ್ಕರೆ ಕಾಯಿಲೆಗೆ ಮಾತ್ರೆ, ಕಿಡ್ನಿ ಕಲ್ಲು, ಖಿನ್ನತೆಗೆ ಔಷಧಿ, ಚಿಕ್ಕಂದಿನಲ್ಲಿ ಯಾರೋ ಬರೆದಿಟ್ಟ ಎಡಿಎಚ್‌ಡಿ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದದ್ದು. ಇವು ಇದ್ದರೆ ಲೈಸೆನ್ಸ್ ಸಿಗುವುದೇ ಇಲ್ಲ ಅಂತಲ್ಲ. ಆದರೆ ಕಾಗದಪತ್ರ ಜಾಸ್ತಿ, ಕಾಯುವುದು ತಿಂಗಳುಗಟ್ಟಲೆ. ಹಿಂದಿನ ಮೂರು ವರ್ಷದಲ್ಲಿ ಯಾವ ಡಾಕ್ಟರ ಹತ್ತಿರ ಹೋಗಿದ್ದಿರಿ ಎಂದೂ ಫಾರಂ ಕೇಳುತ್ತದೆ. ಮುಚ್ಚಿಡಬೇಡಿ. ಸುಳ್ಳು ಬರೆಯುವುದು ಕಾಯಿಲೆಗಿಂತ ದೊಡ್ಡ ತೊಂದರೆ.

ಇನ್ನೊಂದು ನಮ್ಮ ಮನೆಗಳದ್ದೇ ವಿಷಯ. ಊರಿಂದ ತಂದ ಸೆಟ್ರಿಜಿನ್ ಡಬ್ಬಿ ಎಲ್ಲರ ಮನೆಯಲ್ಲೂ ಇರುತ್ತದೆ, ಅಲ್ವಾ? ಸೀನು ಬಂದರೆ ಒಂದು ನುಂಗುವುದು ಅಭ್ಯಾಸ. ಅದು ನಿದ್ದೆ ತರಿಸುವ ಗುಂಪಿನ ಮಾತ್ರೆ. ನುಂಗಿ ವಿಮಾನ ಹತ್ತುವಂತಿಲ್ಲ. ಬೆನಡ್ರಿಲ್ ಕೂಡ ಅಷ್ಟೇ. ಅಲರ್ಜಿ ಇರುವವರು ಎಎಂಇಯನ್ನು ಕೇಳಿ ಲೊರಾಟಡಿನ್ ಅಥವಾ ಫೆಕ್ಸೊಫೆನಡಿನ್ ಕಡೆ ಹೋಗಿ.

ಹಂತ 3: ಟಿಎಸ್‌ಎ ಅನುಮತಿ

ಅಮೆರಿಕದ ಪ್ರಜೆ ಅಲ್ಲದವರು ಪಾಠ ಶುರು ಮಾಡುವ ಮೊದಲು ಟಿಎಸ್‌ಎಯ ಫ್ಲೈಟ್ ಟ್ರೈನಿಂಗ್ ಸೆಕ್ಯುರಿಟಿ ಪ್ರೋಗ್ರಾಂನಲ್ಲಿ ಅನುಮತಿ ಪಡೆಯಬೇಕು. ಗ್ರೀನ್ ಕಾರ್ಡ್ ಇದ್ದವರಿಗೂ ಇದು ಅನ್ವಯ. "ನನಗೆ ಗ್ರೀನ್ ಕಾರ್ಡ್ ಇದೆ, ಬೇಡ" ಎಂದುಕೊಂಡು ಮೂರು ವಾರ ಕಳೆದವರನ್ನು ನೋಡಿದ್ದೇನೆ. ಪಾಸ್‌ಪೋರ್ಟ್, ವೀಸಾ ಕಾಗದ, ಶುಲ್ಕ, ಬೆರಳಚ್ಚು, ಆಮೇಲೆ ಕಾಯುವುದು. 2024ರಲ್ಲಿ ನಿಯಮ ಬದಲಾದ ಮೇಲೆ, ಒಮ್ಮೆ ಸಿಕ್ಕ ಅನುಮತಿ 5 ವರ್ಷದವರೆಗೂ ನಡೆಯಬಹುದು.

ಒಂದು ಸಲ ಸುಮ್ನೆ ಹಾರಿ ನೋಡುವ ಡಿಸ್ಕವರಿ ಫ್ಲೈಟಿಗೆ ಇದು ಬೇಡ. ಅನುಮತಿಗೆ ಕಾಯುವ ದಿನಗಳಲ್ಲಿ ಆ ಹಾರಾಟ ಮಾಡಿ ಬನ್ನಿ. ಹೊಟ್ಟೆ ತೊಳಸುತ್ತದೋ ಇಲ್ಲವೋ ಗೊತ್ತಾಗುತ್ತದೆ.

ವಿಸಿಟರ್ ವೀಸಾದಲ್ಲಿ ಬಂದ ತಮ್ಮನನ್ನೋ ಭಾವನನ್ನೋ ಸೇರಿಸಿಬಿಡೋಣ ಎಂದು ಯೋಚಿಸಬೇಡಿ, ಆ ವೀಸಾದಲ್ಲಿ ಕೋರ್ಸ್ ಮಾಡುವಂತಿಲ್ಲ. ಕೆಲಸದ ವೀಸಾದಲ್ಲಿ ಇರುವವರು ಕಂಪನಿಯ ವಕೀಲರಿಗೆ ಒಂದು ಇಮೇಲ್ ಹಾಕಿ, ಉತ್ತರವನ್ನು ಎತ್ತಿಟ್ಟುಕೊಳ್ಳಿ.

ಇದರ ಜತೆಗೇ ಎಫ್‌ಎಎಯ ಐಎಸಿಆರ್‌ಎ ತಾಣದಲ್ಲಿ ಸ್ಟೂಡೆಂಟ್ ಪೈಲಟ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿ. ಇದು ಇಲ್ಲದೆ ಒಬ್ಬರೇ ಹಾರುವಂತಿಲ್ಲ. ಕಾರ್ಡ್ ಬರಲು ವಾರಗಳು ಹಿಡಿಯುತ್ತವೆ. ಸೋಲೋಗೆ, ಅಂದರೆ ಒಬ್ಬರೇ ಹಾರಲು ತಯಾರಾದ ಮೇಲೆ ಅರ್ಜಿ ಹಾಕಿದರೆ, ಕೈ ಪಳಗಿದ ಹೊತ್ತಿನಲ್ಲೇ ಸುಮ್ಮನೆ ಕೂರಬೇಕಾಗುತ್ತದೆ. ಒಬ್ಬರೇ ಹಾರಲು 16 ವರ್ಷ, ಲೈಸೆನ್ಸಿಗೆ 17 ವರ್ಷ ತುಂಬಿರಬೇಕು.

ಹಂತ 4: ದುಡ್ಡಿನ ಲೆಕ್ಕ

ನಿಯಮ ಕೇಳುವುದು ಕನಿಷ್ಠ 40 ಗಂಟೆ. ಅದನ್ನು ನಂಬಿ ಲೆಕ್ಕ ಹಾಕಬೇಡಿ. ಕೆಲಸ ಮಾಡಿಕೊಂಡು ಕಲಿಯುವವರಿಗೆ 60ರಿಂದ 75 ಗಂಟೆ ಹಿಡಿಯುತ್ತದೆ. ನನಗೆ 68 ಆಯಿತು.

ನಮ್ಮ ಕಡೆ ಕಲಿಯಲು ಬಳಸುವ ಸಣ್ಣ ವಿಮಾನ ಸೆಸ್ನಾ 172ರ ಬಾಡಿಗೆ ಇಂಧನವೂ ಸೇರಿ ಗಂಟೆಗೆ ಸುಮಾರು 200 ಡಾಲರ್. ಇನ್‌ಸ್ಟ್ರಕ್ಟರ್ ಗಂಟೆಗೆ 80ರಿಂದ 100. ನೆಲದ ಮೇಲೆ ಪಾಠ ಹೇಳಿದ್ದಕ್ಕೂ ಅಷ್ಟೇ ಕೊಡಬೇಕು. ಮೆಡಿಕಲ್, ಪರೀಕ್ಷೆ, ಹೆಡ್‌ಸೆಟ್, ಚೆಕ್‌ರೈಡ್ ಎಲ್ಲ ಸೇರಿಸಿದರೆ 20 ಸಾವಿರ ಡಾಲರ್ ಹತ್ತಿರ ಬರುತ್ತದೆ. ಒಳನಾಡಿನ ಸಣ್ಣ ಊರುಗಳಲ್ಲಿ ಇದಕ್ಕಿಂತ ಕಡಿಮೆ.

ಇಷ್ಟನ್ನೂ ಒಂದು ಖಾತೆಯಲ್ಲಿ ಬೇರೆ ಇಟ್ಟ ಮೇಲೆ ಶುರು ಮಾಡಿ. ಹತ್ತು ಸಾವಿರ ಇಟ್ಟುಕೊಂಡು "ಆಮೇಲೆ ನೋಡೋಣ" ಎಂದವರೇ ಇಪ್ಪತ್ತೈದನೇ ಗಂಟೆಯಲ್ಲಿ ನಿಂತವರು. ಆದರೆ ಇಟ್ಟಿದ್ದೀರಿ ಅಂತ ಅಷ್ಟನ್ನೂ ಶಾಲೆಗೆ ಮುಂಗಡ ಕಟ್ಟಬೇಡಿ. ರಿಯಾಯಿತಿ ಎಷ್ಟೇ ಕೊಡಲಿ, ಐದಾರು ಪಾಠಕ್ಕೆ ಆಗುವಷ್ಟು ಮಾತ್ರ. ಶಾಲೆ ಮುಚ್ಚಿದರೆ ಮುಂಗಡವೂ ಮುಚ್ಚಿಹೋಗುತ್ತದೆ.

ಬಾಡಿಗೆ ಮೀಟರ್ ಎಂಜಿನ್ ಚಾಲೂ ಆದ ಕ್ಷಣದಿಂದ ಓಡುತ್ತದೆ, ಗಾಲಿ ನೆಲದ ಮೇಲಿದ್ದರೂ ಸರಿ. ಹಾಗಾಗಿ ಸೀಟು ಹೊಂದಿಸುವುದು, ಐಪ್ಯಾಡ್ ಸಿಕ್ಕಿಸುವುದು, ಇವತ್ತಿನ ಪಾಠ ಏನು ಎಂದು ಮಾತಾಡುವುದು ಎಲ್ಲ ಎಂಜಿನ್ ಚಾಲೂ ಮಾಡುವ ಮುಂಚೆಯೇ ಮುಗಿಯಲಿ.

ಹಂತ 5: ಶಾಲೆ, ಇನ್‌ಸ್ಟ್ರಕ್ಟರ್, ಸಾಮಾನು

ಶಾಲೆಯ ವೆಬ್‌ಸೈಟ್ ನೋಡಿ ತೀರ್ಮಾನ ಮಾಡಬೇಡಿ. ಅವರ ಬುಕಿಂಗ್ ಕ್ಯಾಲೆಂಡರ್ ತೋರಿಸಿ ಎಂದು ಕೇಳಿ. ಮುಂದಿನ ಎರಡು ವಾರದಲ್ಲಿ ನಿಮಗೆ ಬಿಡುವಿರುವ ಹೊತ್ತಿಗೆ ವಿಮಾನವೂ ಇನ್‌ಸ್ಟ್ರಕ್ಟರೂ ಒಟ್ಟಿಗೆ ಸಿಗುತ್ತಾರಾ? ಸಿಗದಿದ್ದರೆ ಬೇರೆ ಶಾಲೆ ನೋಡಿ.

ವಾರಕ್ಕೆ ಮೂರು ಪಾಠ ಒಳ್ಳೆಯದು, ಎರಡಕ್ಕಿಂತ ಕಡಿಮೆ ಬೇಡ. ನಾನು ಮೊದಲ ಮೂರು ತಿಂಗಳು ವಾರಕ್ಕೆ ಒಂದು ಮಾಡಿದೆ. ಅದರಲ್ಲಿ ಒಂದು ಮೋಡಕ್ಕೆ, ಒಂದು ರಿಪೇರಿಗೆ ಹೋಯಿತು. ಲಾಗ್‌ಬುಕ್ಕಿನ ಆ ಪುಟ ಈಗ ನೋಡಿದರೆ ಒಂದೇ ಪಾಠದ ಹೆಸರು ನಾಲ್ಕು ಸಲ ಬರೆದಿದೆ.

ಇನ್‌ಸ್ಟ್ರಕ್ಟರುಗಳಲ್ಲಿ ಹಲವರು ಏರ್‌ಲೈನ್ ಕೆಲಸಕ್ಕೆ ಗಂಟೆ ಕೂಡಿಸುತ್ತಿರುವ ಹುಡುಗರು. ಮಧ್ಯದಲ್ಲಿ ಬಿಟ್ಟು ಹೋಗಬಹುದು. "ಇನ್ನು ಆರು ತಿಂಗಳು ಇರುತ್ತೀರಾ?" ಎಂದು ನೇರವಾಗಿ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಹೊಸಬರು ಬಂದರೆ ನಿಮ್ಮನ್ನು ಮತ್ತೆ ಮೊದಲಿಂದ ಅಳೆಯುತ್ತಾರೆ, ಅದಕ್ಕೇ ಐದು ಗಂಟೆ ಹೋಗುತ್ತದೆ.

ಸಾಮಾನು ಜಾಸ್ತಿ ಬೇಡ. ಹೆಡ್‌ಸೆಟ್, ಕಾಗದದ ಲಾಗ್‌ಬುಕ್, ತೊಡೆಯ ಮೇಲೆ ಕಟ್ಟುವ ನೀಬೋರ್ಡ್, ಇಂಧನ ಬಸಿದು ನೋಡುವ ಪ್ಲಾಸ್ಟಿಕ್ ಲೋಟ, ಹೊರಗೆ ಕಾಣದ ಹಾಗೆ ಮರೆ ಮಾಡುವ ಫಾಗಲ್ಸ್, ನಿಮ್ಮ ವಿಮಾನದ ಕೈಪಿಡಿ, ಮ್ಯಾಪ್‌ಗೆ ಐಪ್ಯಾಡ್. ಸಾವಿರ ಡಾಲರಿನ ಹೆಡ್‌ಸೆಟ್ ಲೈಸೆನ್ಸ್ ಬಂದ ಮೇಲೆ ತಗೊಳ್ಳಿ. ಹಳೆಯ ಡೇವಿಡ್ ಕ್ಲಾರ್ಕ್ ಹಸಿರು ಹೆಡ್‌ಸೆಟ್ ತಲೆ ಒತ್ತುತ್ತದೆ, ಆದರೆ ಸಾಯುವುದಿಲ್ಲ.

ಹಂತ 6: ಲಿಖಿತ ಪರೀಕ್ಷೆಯನ್ನು 15ನೇ ಗಂಟೆಯೊಳಗೆ ಮುಗಿಸಿ

60 ಪ್ರಶ್ನೆ, ಪಾಸಾಗಲು ಶೇ. 70, ಪರೀಕ್ಷಾ ಕೇಂದ್ರದ ಕಂಪ್ಯೂಟರಿನಲ್ಲಿ ಬರೆಯುವುದು. ಪಾಸಾದದ್ದು 24 ತಿಂಗಳು ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಚೆಕ್‌ರೈಡ್ ಮುಗಿಯಬೇಕು. ಬರೆಯಲು ಇನ್‌ಸ್ಟ್ರಕ್ಟರ ಸಹಿ ಅಥವಾ ಆನ್‌ಲೈನ್ ಗ್ರೌಂಡ್ ಸ್ಕೂಲಿನ ಸರ್ಟಿಫಿಕೇಟ್ ಬೇಕು.

ನಮ್ಮವರಿಗೆ ಪರೀಕ್ಷೆ ಅಂದರೆ ಭಯ ಇಲ್ಲ, ಅದೇ ತೊಂದರೆ. ಪ್ರಶ್ನೆಗಳ ಕಟ್ಟು ಉರು ಹೊಡೆದು 95 ತೆಗೆಯುತ್ತಾರೆ. ಆಮೇಲೆ ಚೆಕ್‌ರೈಡಿನಲ್ಲಿ ಪರೀಕ್ಷಕರು ಒಂದು ಮ್ಯಾಪ್ ಹರಡಿ "ಇಲ್ಲಿಂದ ಇಲ್ಲಿಗೆ ಹೋಗಲು ಯಾರ ಅನುಮತಿ ಬೇಕು?" ಎಂದರೆ ಬಾಯಿ ಬರುವುದಿಲ್ಲ. ಎಫ್‌ಎಎ ತನ್ನ ಕೈಪಿಡಿಗಳನ್ನು ಪುಕ್ಕಟೆಯಾಗಿ ಪಿಡಿಎಫ್ ಕೊಡುತ್ತದೆ. ಮೊದಲು ಅವನ್ನು ಓದಿ, ಆಮೇಲೆ ಪ್ರಶ್ನೆಗಳನ್ನು ಬಿಡಿಸಿ.

ತಪ್ಪಾದ ಪ್ರಶ್ನೆಗಳ ಕೋಡ್‌ಗಳು ಫಲಿತಾಂಶದ ಹಾಳೆಯಲ್ಲಿ ಅಚ್ಚಾಗಿರುತ್ತವೆ. ಆ ಹಾಳೆ ಕಳೆದುಕೊಳ್ಳಬೇಡಿ. ಚೆಕ್‌ರೈಡಿನ ದಿನ ಪರೀಕ್ಷಕರು ಅವನ್ನೇ ಹಿಡಿದು ಕೇಳುತ್ತಾರೆ.

ಹಂತ 7: ಮೊದಲ ಹದಿನೈದು ಇಪ್ಪತ್ತು ಗಂಟೆ

ಹತ್ತುವ ಮೊದಲು ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಇದೆ. ಚೆಕ್‌ಲಿಸ್ಟ್ ಕೈಯಲ್ಲಿ ಹಿಡಿದೇ ಮಾಡಿ. ಅದರಲ್ಲಿ ಇಂಧನ ಬಸಿದು ನೋಡುವುದನ್ನು ಹೊಸಬರು ಶಾಸ್ತ್ರಕ್ಕೆ ಮಾಡುತ್ತಾರೆ. ರೆಕ್ಕೆಯ ಕೆಳಗಿನ ಸಣ್ಣ ಮೂತಿಗೆ ಲೋಟದ ಕಡ್ಡಿ ಒತ್ತಿದರೆ ಇಂಧನ ಇಳಿಯುತ್ತದೆ. ಲೋಟವನ್ನು ಆಕಾಶದ ಕಡೆ ಎತ್ತಿ ನೋಡಬೇಕು. ನೀರು ಭಾರ, ತಳದಲ್ಲಿ ಗುಳ್ಳೆಯ ಹಾಗೆ ಕೂರುತ್ತದೆ. ಮೋಸ ಹೋಗುವುದು ಲೋಟ ಪೂರ್ತಿ ನೀರೇ ಬಂದಾಗ. ಆಗ ಗೆರೆ ಕಾಣಲ್ಲ, "ಎಷ್ಟು ಶುಭ್ರವಾಗಿದೆ" ಅನ್ನಿಸುತ್ತದೆ. ಬಣ್ಣ ನೋಡಿ, ಮೂಸಿ ನೋಡಿ. ಮಾಮೂಲಿ 100ಎಲ್‌ಎಲ್ ಇಂಧನ ತಿಳಿ ನೀಲಿ. ನಮ್ಮ ರೀಡ್-ಹಿಲ್‌ವ್ಯೂನಲ್ಲಿ ಸೀಸ ಇರುವ ಆ ಇಂಧನವನ್ನು 2022ರಿಂದ ಮಾರುವುದಿಲ್ಲ. ಹಾಗಾಗಿ ನಿಮ್ಮ ವಿಮಾನದಲ್ಲಿ ಇರುವುದು ಯಾವುದು, ಅದರ ಬಣ್ಣ ಏನು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಹಳೆಯ 172ರಲ್ಲಿ ಮೂರು ಕಡೆ ಬಸಿದರೆ ಮುಗಿಯಿತು. 172ಎಸ್‌ನಲ್ಲಿ 13 ಕಡೆ. ಬೇಜಾರಾಗುತ್ತದೆ, ಆದರೂ ಹದಿಮೂರೂ ಮಾಡಿ.

ನೆಲದ ಮೇಲೆ ಓಡಿಸುವಾಗ ಕಾರಿನ ಅಭ್ಯಾಸ ಅಡ್ಡ ಬರುತ್ತದೆ. ಕೈಯಲ್ಲಿ ಸ್ಟಿಯರಿಂಗ್ ತರಹದ್ದು ಇದ್ದರೂ ವಿಮಾನ ತಿರುಗುವುದು ಕಾಲಿನಿಂದ. ಮೊದಲ ಎರಡು ಪಾಠ ಕೈಗಳನ್ನು ತೊಡೆಯ ಮೇಲಿಟ್ಟು ಓಡಿಸಿ. ಟೇಕಾಫ್ ಆಗುವಾಗ ಮೂತಿ ಎಡಕ್ಕೆ ಎಳೆಯುತ್ತದೆ, ಬಲಗಾಲು ಒತ್ತಬೇಕು. ಇನ್‌ಸ್ಟ್ರಕ್ಟರ್ ನಿಮಗೆ ಅತಿ ಹೆಚ್ಚು ಸಲ ಹೇಳುವ ಮಾತು "ರೈಟ್ ರಡ್ಡರ್" ಆಗಿರುತ್ತದೆ.

ಸ್ಟಾಲ್ ಅಂದರೆ ಎಂಜಿನ್ ನಿಲ್ಲುವುದಲ್ಲ. ಮೂತಿ ತುಂಬಾ ಎತ್ತಿದ್ದರಿಂದ ರೆಕ್ಕೆಗೆ ಎತ್ತುವ ಶಕ್ತಿ ಹೋಗುವುದು. ವಿಮಾನ ಕುಸಿಯುವ ಹಾಗೆ ಆದಾಗ ಕೈ ತಾನಾಗಿ ಹಿಂದಕ್ಕೆ ಎಳೆಯುತ್ತದೆ. ಮಾಡಬೇಕಾದದ್ದು ಅದರ ಉಲ್ಟಾ, ಮುಂದಕ್ಕೆ ತಳ್ಳುವುದು. ಇದನ್ನು ಎತ್ತರದಲ್ಲಿ ಬೇಕಾದಷ್ಟು ಸಲ ಮಾಡಿ, ಕೈಗೆ ಹೊಸ ಅಭ್ಯಾಸ ಬರುವವರೆಗೆ.

ಈಗ ಲ್ಯಾಂಡಿಂಗ್. ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ನಾನು ಹದಿನೈದು ಗಂಟೆಯಿಂದ ಇಪ್ಪತ್ತೆರಡು ಗಂಟೆಯವರೆಗೆ ಒಂದೇ ಕಡೆ ನಿಂತಿದ್ದೆ. ಒಂದು ಸಲ ದಬ್ ಅಂತ ಬೀಳುವುದು, ಇನ್ನೊಂದು ಸಲ ರನ್‌ವೇ ಅರ್ಧ ಮುಗಿಯುವವರೆಗೂ ತೇಲುವುದು. ಎರಡು ವಿಷಯ ತಿದ್ದಿಕೊಂಡ ಮೇಲೆ ಸರಿಹೋಯಿತು.

ಮೊದಲನೆಯದು ವೇಗ. 172ರಲ್ಲಿ ಕೊನೆಯ ಇಳಿತಕ್ಕೆ 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ಎಂದು ಹೇಳಿಕೊಟ್ಟಿದ್ದರು. ನಾನು ಭಯಕ್ಕೆ 75 ಇಟ್ಟುಕೊಂಡು ಬರುತ್ತಿದ್ದೆ. ಆ ಹತ್ತು ನಾಟ್ ಎಲ್ಲಿ ಹೋಗಬೇಕು? ತೇಲಿ ತೇಲಿಯೇ ಕಳೆಯಬೇಕು.

ಎರಡನೆಯದು ಕಣ್ಣು. ಮೂತಿಯ ಮುಂದಿನ ನೆಲ ನೋಡುತ್ತಿದ್ದೆ. ಅದು ಸರ್ರನೆ ಓಡುವುದರಿಂದ ಎತ್ತರ ಎಷ್ಟೆಂದು ತಿಳಿಯುವುದಿಲ್ಲ. ಫ್ಲೇರ್, ಅಂದರೆ ನೆಲ ಮುಟ್ಟುವ ಮುಂಚೆ ಮೂತಿ ಮೆಲ್ಲಗೆ ಎತ್ತುವುದು, ಶುರುವಾದ ಕೂಡಲೇ ಕಣ್ಣನ್ನು ರನ್‌ವೇಯ ಆ ತುದಿಗೆ ಕಳಿಸಬೇಕು. ಆಗ ಎರಡೂ ಬದಿಯ ಅಂಚು ಮೇಲೇರುವ ಹಾಗೆ ಕಾಣುತ್ತದೆ, ಅದರಿಂದ ಎತ್ತರ ಗೊತ್ತಾಗುತ್ತದೆ. ತುಂಬಿದ ಕೊಡವನ್ನು ಸೊಂಟದಿಂದ ನೆಲಕ್ಕೆ ಇಳಿಸುವುದು ನೆನಪು ಮಾಡಿಕೊಳ್ಳಿ. ಕೆಳಗೆ ಹೋದ ಹಾಗೆಲ್ಲ ಹಿಡಿತ ಜಾಸ್ತಿ ಮಾಡುತ್ತೀರಿ, ಕೊನೆಯ ಬೆರಳಷ್ಟು ಜಾಗದಲ್ಲಿ ಕೈ ಬಿಡುವುದಿಲ್ಲ. ಇಲ್ಲೂ ಹಾಗೆಯೇ, ನಿಧಾನ ಎಳೆಯುತ್ತಲೇ ಇರಬೇಕು.

ಅಪಾಯದ ಸೂಚನೆಗಳು: ಕೊನೆಯ ತಿರುವಿನಲ್ಲಿ ರನ್‌ವೇ ಗೆರೆ ದಾಟಿ ಹೋದಿರಿ ಎನ್ನಿ. ಅದನ್ನು ಕಾಲಿನಿಂದ ಒತ್ತಿ ಎಳೆದು ತರಬೇಡಿ. ಕಡಿಮೆ ವೇಗ, ಕಡಿಮೆ ಎತ್ತರ, ಓರೆ ಕಾಲು ಮೂರೂ ಸೇರಿದರೆ ವಿಮಾನ ಬುಗುರಿಯಾಗುತ್ತದೆ, ಮತ್ತೆ ಸುಧಾರಿಸಿಕೊಳ್ಳಲು ಜಾಗ ಇರುವುದಿಲ್ಲ. ಪವರ್ ಪೂರ್ತಿ ಕೊಟ್ಟು ಮೇಲೆ ಹೋಗಿ, ಇನ್ನೊಂದು ಸುತ್ತು ಬನ್ನಿ. ಒಮ್ಮೆ ಪುಟಿದ ಮೇಲೂ ಅಷ್ಟೇ. ಗೋ-ಅರೌಂಡಿಗೆ ಯಾರೂ ಅಂಕ ಕಳೆಯಲ್ಲ.

ಹಂತ 8: ರೇಡಿಯೋ

ವಿಮಾನಕ್ಕಿಂತ ಮೈಕಿಗೆ ಜಾಸ್ತಿ ಹೆದರುವವರು ನಾವು. ಉಚ್ಚಾರಣೆಯ ಚಿಂತೆ ಬಿಡಿ. ನಮ್ಮ ವಿ ಮತ್ತು ಡಬ್ಲ್ಯೂ ಒಂದೇ ತರಹ ಕೇಳಿಸಿದರೂ ಅಲ್ಲಿ ಹೇಳುವುದು ವಿಕ್ಟರ್, ವಿಸ್ಕಿ ಎಂದು. ತೊಂದರೆ ಕೊಡುವುದು ನಮ್ಮ ವೇಗ. ಅರ್ಧ ಮಾಡಿಕೊಳ್ಳಿ.

ಪ್ರತಿ ಮಾತಿಗೂ ನಾಲ್ಕೇ ತುಂಡು: ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಎಲ್ಲಿದ್ದೀರಿ, ಏನು ಬೇಕು. ಮೊದಲ ಕರೆಯಲ್ಲೇ "ಸ್ಟೂಡೆಂಟ್ ಪೈಲಟ್" ಎಂದು ಸೇರಿಸಿ, ಟವರಿನವರು, ಅಂದರೆ ನಿಲ್ದಾಣದ ವಿಮಾನ ಸಂಚಾರ ನೋಡಿಕೊಳ್ಳುವವರು, ನಿಧಾನ ಮಾಡುತ್ತಾರೆ. ಅರ್ಥವಾಗದಿದ್ದರೆ "ಸೇ ಅಗೇನ್". ಅರ್ಥವಾದ ಹಾಗೆ ತಲೆ ಆಡಿಸುವ ನಮ್ಮ ಅಭ್ಯಾಸ ರೇಡಿಯೋದಲ್ಲಿ ಕಾಣಿಸುವುದಿಲ್ಲ.

ರನ್‌ವೇ ಮುಂದೆ ನಿಲ್ಲಿ ಎಂದರೆ, ಅಂದರೆ "ಹೋಲ್ಡ್ ಶಾರ್ಟ್" ಎಂದರೆ, ನಿಮ್ಮ ವಿಮಾನದ ನಂಬರ್ ಸಮೇತ ಅದನ್ನೇ ತಿರುಗಿ ಹೇಳಬೇಕು. ಹಳದಿ ಗೆರೆ ದಾಟುವ ಮೊದಲು ಅನುಮತಿ ಕೇಳಿಸಿತೋ, ಕೇಳಿಸಿದ ಹಾಗೆ ಅನ್ನಿಸಿತೋ ಎಂದು ಒಂದು ಕ್ಷಣ ಯೋಚಿಸಿ. ಅನುಮಾನ ಇದ್ದರೆ ನಿಂತು ಕೇಳಿ. ರೀಡ್-ಹಿಲ್‌ವ್ಯೂನಲ್ಲಿ 31 ಎಡ, 31 ಬಲ ಎಂದು ಅಕ್ಕಪಕ್ಕ ಎರಡು ರನ್‌ವೇ ಇವೆ. ಒಂದಕ್ಕೆ ಅನುಮತಿ ಪಡೆದು ಇನ್ನೊಂದಕ್ಕೆ ಇಳಿಯಲು ಹೊರಡುವುದು ಹೊಸಬರ ಮಾಮೂಲಿ ತಪ್ಪು. ನೀಬೋರ್ಡಿನ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ.

ಅಭ್ಯಾಸಕ್ಕೆ, ಆಫೀಸಿಗೆ ಹೋಗುವಾಗ ಟವರಿನ ಮಾತು ಕೇಳಿಸುವ ಲೈವ್‌ಎಟಿಸಿ ತಾಣದಲ್ಲಿ ನಿಮ್ಮ ನಿಲ್ದಾಣದ ಟವರ್ ಹಚ್ಚಿಕೊಳ್ಳಿ. ಎರಡು ವಾರದಲ್ಲಿ ಕಿವಿ ಪಳಗುತ್ತದೆ.

ಹಂತ 9: ಸೋಲೋ

ಇದಕ್ಕೆ ಮೊದಲು ಇನ್‌ಸ್ಟ್ರಕ್ಟರ್ ಒಂದು ಲಿಖಿತ ಪರೀಕ್ಷೆ ಕೊಡುತ್ತಾರೆ, ಲಾಗ್‌ಬುಕ್ಕಿನಲ್ಲಿ ಸಹಿ ಹಾಕುತ್ತಾರೆ. ಆ ಸಹಿ 90 ದಿನಕ್ಕೆ ಮಾತ್ರ. ನಾನು ಒಂದು ಶನಿವಾರ ವಿಮಾನದ ಕಟ್ಟು ಬಿಚ್ಚಿ, ಇಂಧನ ನೋಡಿ, ಸೀಟಿನಲ್ಲಿ ಕೂತ ಮೇಲೆ ದಿನಾಂಕ ನೋಡಿದೆ. 93 ದಿನ ಆಗಿತ್ತು. ಮತ್ತೆ ಕಟ್ಟಿಟ್ಟು ಮನೆಗೆ ಬಂದೆ. ಈಗ ಅಂಥ ತಾರೀಕುಗಳೆಲ್ಲ ಫೋನಿನ ಕ್ಯಾಲೆಂಡರಿನಲ್ಲಿ.

ಪಕ್ಕದ ಸೀಟು ಖಾಲಿ ಆದರೆ ವಿಮಾನ ಹಗುರ. ಬೇಗ ಏರುತ್ತದೆ, ಇಳಿಯುವಾಗ ಜಾಸ್ತಿ ತೇಲುತ್ತದೆ. ಇದು ಗೊತ್ತಿರಲಿ, ಅಷ್ಟೇ. ಸೋಲೋದಲ್ಲಿ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ, ಹೆಂಡತಿಯಾದರೂ ಸರಿ, ಗಂಡನಾದರೂ ಸರಿ.

ಹಂತ 10: ದೂರದ ಹಾರಾಟ, ರಾತ್ರಿ ಹಾರಾಟ

ಇಲ್ಲಿ ಲೆಕ್ಕಗಳು ಜಾಸ್ತಿ. ಒಂದು ಹಾಳೆಯಲ್ಲಿ ಬರೆದು ಲಾಗ್‌ಬುಕ್ಕಿಗೆ ಅಂಟಿಸಿ:

- ಇನ್‌ಸ್ಟ್ರಕ್ಟರ್ ಜತೆ ಒಟ್ಟು 20 ಗಂಟೆ, ಒಬ್ಬರೇ 10 ಗಂಟೆ.
- ಇನ್‌ಸ್ಟ್ರಕ್ಟರ್ ಜತೆ ದೂರದ ಹಾರಾಟ 3 ಗಂಟೆ, ಬರೀ ಮೀಟರುಗಳನ್ನು ನೋಡಿ ಹಾರಿಸುವುದು 3 ಗಂಟೆ.
- ರಾತ್ರಿ 3 ಗಂಟೆ. ಅದರಲ್ಲಿ 10 ಸಲ ಪೂರ್ತಿ ನಿಂತು ಲ್ಯಾಂಡಿಂಗ್, 100 ನಾಟಿಕಲ್ ಮೈಲಿಗಿಂತ ಹೆಚ್ಚಿನ ಒಂದು ಹಾರಾಟ.
- ಒಬ್ಬರೇ ದೂರದ ಹಾರಾಟ 5 ಗಂಟೆ. ಅದರಲ್ಲಿ ಒಂದು 150 ನಾಟಿಕಲ್ ಮೈಲಿಯದ್ದು, ಮೂರು ಕಡೆ ಪೂರ್ತಿ ನಿಲ್ಲಬೇಕು, ಒಂದು ತುಂಡು ನೇರ ಗೆರೆಯಲ್ಲಿ 50ಕ್ಕಿಂತ ಜಾಸ್ತಿ ಇರಬೇಕು.
- ಒಬ್ಬರೇ, ಟವರ್ ಇರುವ ನಿಲ್ದಾಣದಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್.

ನಾನು ಹೋದದ್ದು ರೀಡ್-ಹಿಲ್‌ವ್ಯೂ, ಮರ್ಸೆಡ್, ಸ್ಟಾಕ್ಟನ್, ಮತ್ತೆ ಮನೆ. ಸುಮಾರು 155 ಮೈಲಿ. ಮರ್ಸೆಡ್‌ವರೆಗಿನದ್ದೇ 60 ದಾಟುತ್ತದೆ. ಅಂಚಿನ ಲೆಕ್ಕ ಇಟ್ಟುಕೊಳ್ಳಬೇಡಿ. 149 ಮೈಲಿ ಹಾರಿ ಬಂದು ಇನ್ನೊಂದು ಸಲ ಪೂರ್ತಿ ಹಾರಿಸಿದವರು ಇದ್ದಾರೆ. ಪೂರ್ವಕ್ಕೆ ಹೋಗುವಾಗ ಎತ್ತರ ಬೆಸ ಸಾವಿರದ ಮೇಲೆ 500 ಅಡಿ, ಅಂದರೆ 3,500, 5,500 ಹೀಗೆ. ಹ್ಯಾಮಿಲ್ಟನ್ ಬೆಟ್ಟವೇ 4,200 ಅಡಿ ದಾಟುತ್ತದೆ, ಹಾಗಾಗಿ 5,500 ಅಡಿಗಿಂತ ಕೆಳಗೆ ಯೋಚನೆಯೇ ಬೇಡ.

ಹವಾಮಾನ ಋತುವಿನ ಪ್ರಕಾರ ಮೋಸ ಮಾಡುತ್ತದೆ. ಬೇಸಿಗೆಯ ಬೆಳಿಗ್ಗೆ ಕಡಲ ಕಡೆ, ವಾಟ್ಸನ್‌ವಿಲ್, ಮಾಂಟೆರೆಯಲ್ಲಿ ತಗ್ಗು ಮೋಡ. ಚಳಿಗಾಲದಲ್ಲಿ ಕಣಿವೆಯ ಕಡೆ, ಸ್ಟಾಕ್ಟನ್, ಮರ್ಸೆಡ್‌ನಲ್ಲಿ ನೆಲಕ್ಕೆ ಅಂಟಿದ ಟೂಲಿ ಮಂಜು. ನಿಮ್ಮ ಮನೆ ಮೇಲೆ ನೀಲಿ ಆಕಾಶ ಇದೆ ಎಂದರೆ ಏನೂ ಅರ್ಥವಿಲ್ಲ. ಹೊರಟ ಮೇಲೆ ಮುಂದಿನ ಬೆಟ್ಟದ ಸಾಲು ಮಸುಕಾದರೆ, ಅಥವಾ ಮೋಡ ತಪ್ಪಿಸಲು ಎರಡನೇ ಸಲ ಕೆಳಗಿಳಿದಿರಿ ಎಂದರೆ, ತಿರುಗಿ ಬನ್ನಿ. ಇಂಧನ ಹಗಲಲ್ಲಿ ಇನ್ನೂ 30 ನಿಮಿಷಕ್ಕೆ, ರಾತ್ರಿ 45 ನಿಮಿಷಕ್ಕೆ ಉಳಿಯಬೇಕು ಎನ್ನುತ್ತದೆ ನಿಯಮ. ನಾನು ಯಾವತ್ತೂ ಒಂದು ಗಂಟೆ ಇಟ್ಟುಕೊಳ್ಳುತ್ತೇನೆ.

ರಾತ್ರಿ ಪಾಠಗಳನ್ನು ನವೆಂಬರಿನಿಂದ ಫೆಬ್ರುವರಿಯೊಳಗೆ ಮುಗಿಸಿ. ಜೂನ್‌ನಲ್ಲಿ ಕತ್ತಲಾಗುವುದೇ ಒಂಬತ್ತಕ್ಕೆ. ಡಿಸೆಂಬರಿನಲ್ಲಿ ಆಫೀಸು ಮುಗಿಸಿ ಹೋದರೆ ಊಟದ ಹೊತ್ತಿಗೆ ಮನೆಗೆ ಬರಬಹುದು.

ಹಂತ 11: ಚೆಕ್‌ರೈಡ್

ಪರೀಕ್ಷಕರನ್ನು ಡಿಪಿಇ ಎನ್ನುತ್ತಾರೆ. ಅವರ ದಿನಾಂಕಕ್ಕೆ ವಾರಗಳು, ಕೆಲವು ಕಡೆ ತಿಂಗಳುಗಳೇ ಕಾಯಬೇಕು. ಎಲ್ಲ ಮುಗಿದ ಮೇಲೆ ಕರೆಯಬೇಡಿ, ದೂರದ ಸೋಲೋ ಮುಗಿದ ದಿನವೇ ಕರೆಯಿರಿ. ಇಲ್ಲೊಂದು ಬಲೆ ಇದೆ: ಪರೀಕ್ಷೆಗೆ ತಯಾರಿ ಎಂದು ಇನ್‌ಸ್ಟ್ರಕ್ಟರ್ ಜತೆ ಹಾರಿದ 3 ಗಂಟೆ, ಪರೀಕ್ಷೆಯ ತಿಂಗಳಿಗೆ ಹಿಂದಿನ ಎರಡು ಕ್ಯಾಲೆಂಡರ್ ತಿಂಗಳೊಳಗಿನದ್ದಾಗಿರಬೇಕು. ದಿನಾಂಕ ಮುಂದೆ ಹೋದರೆ ಆ ಗಂಟೆಗಳು ಹಳಸುತ್ತವೆ.

ನನ್ನ ಮೊದಲ ಚೆಕ್‌ರೈಡ್ ಹಾರಾಟಕ್ಕೆ ಬರಲೇ ಇಲ್ಲ. ಬೆಳಿಗ್ಗೆ ಎಂಟಕ್ಕೆ ಪರೀಕ್ಷಕರು ವಿಮಾನದ ರಿಪೇರಿ ಪುಸ್ತಕ ತೆರೆದರು. ವರ್ಷದ ತಪಾಸಣೆ ಎಲ್ಲಿ ಎಂದರು, ತೋರಿಸಿದೆ. ಟ್ರಾನ್ಸ್‌ಪಾಂಡರ್ (ರಾಡಾರಿಗೆ ವಿಮಾನದ ಗುರುತು ತಿಳಿಸುವ ಯಂತ್ರ) ಎಂದರು, ತೋರಿಸಿದೆ. ಇಎಲ್‌ಟಿ (ವಿಮಾನ ಬಿದ್ದರೆ ಸಂಕೇತ ಕಳಿಸುವ ಯಂತ್ರ) ಎಂದರು. ಪುಟ ತಿರುವಿದೆ, ಮತ್ತೆ ತಿರುವಿದೆ. 12 ತಿಂಗಳು ದಾಟಿ ನಾಲ್ಕು ದಿನ ಆಗಿತ್ತು. ಶಾಲೆಯವರು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಎಂಟೂಕಾಲಿಗೆ ಪಾರ್ಕಿಂಗಿನಲ್ಲಿ ನಿಂತು, ಡಬ್ಬಿಯಲ್ಲಿ ತಂದ ಚಿತ್ರಾನ್ನ ತಿಂದು ಆಫೀಸಿಗೆ ಹೋದೆ.

ಹಾಗಾಗಿ ಮೂರು ದಿನ ಮೊದಲೇ ಆ ಪುಸ್ತಕ ತರಿಸಿ, ಪ್ರತಿ ತಪಾಸಣೆಯ ಪುಟಕ್ಕೂ ಹಳದಿ ಚೀಟಿ ಅಂಟಿಸಿ. ವರ್ಷದ್ದು 12 ತಿಂಗಳು, ಬಾಡಿಗೆ ವಿಮಾನಕ್ಕೆ 100 ಗಂಟೆಯದ್ದು, ಟ್ರಾನ್ಸ್‌ಪಾಂಡರ್ 24 ತಿಂಗಳು, ಇಎಲ್‌ಟಿ 12 ತಿಂಗಳು. ಜತೆಗೆ ಫೋಟೋ ಇರುವ ಗುರುತಿನ ಚೀಟಿ, ಮೆಡಿಕಲ್, ಸ್ಟೂಡೆಂಟ್ ಕಾರ್ಡ್, ಲಿಖಿತ ಪರೀಕ್ಷೆಯ ಹಾಳೆ, ಎಲ್ಲ ಸಹಿ ಇರುವ ಲಾಗ್‌ಬುಕ್. ಐಎಸಿಆರ್‌ಎ ಅರ್ಜಿಗೆ ಇನ್‌ಸ್ಟ್ರಕ್ಟರ್ ಸಹಿ ಹಾಕಿದ್ದಾರಾ, ಪಾಸ್‌ವರ್ಡ್ ನೆನಪಿದೆಯಾ, ಅದನ್ನೂ ನೋಡಿ.

ಮೊದಲು ಮಾತಿನ ಪರೀಕ್ಷೆ, ಆಮೇಲೆ ಹಾರಾಟ. ಏನೇನು, ಎಷ್ಟು ನಿಖರವಾಗಿ ಮಾಡಬೇಕು ಎಂಬುದನ್ನು ಎಫ್‌ಎಎ ಎಸಿಎಸ್ ಎಂಬ ಕಡತದಲ್ಲಿ ಅಚ್ಚು ಹಾಕಿಯೇ ಕೊಟ್ಟಿದೆ. 45 ಡಿಗ್ರಿ ವಾಲಿದ ತಿರುವಿನಲ್ಲಿ ಎತ್ತರ 100 ಅಡಿ, ವೇಗ 10 ನಾಟ್ ಆಚೀಚೆ ಆಗಬಹುದು. ಸಣ್ಣ ರನ್‌ವೇ ಲ್ಯಾಂಡಿಂಗಿನಲ್ಲಿ ನೀವು ಹೇಳಿದ ಗುರುತಿನಿಂದ 200 ಅಡಿ ಮುಂದಕ್ಕೆ ಇಳಿಯಬಹುದು, ಹಿಂದಕ್ಕೆ ಒಂದಡಿಯೂ ಇಲ್ಲ. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕಂತೆಯೇ, ಆದರೂ ಅದನ್ನು ಓದದೆ ಹೋಗುತ್ತಾರೆ.

ಗೊತ್ತಿಲ್ಲದ ಪ್ರಶ್ನೆಗೆ "ಗೊತ್ತಿಲ್ಲ, ಇಲ್ಲಿ ಹುಡುಕಿ ಹೇಳುತ್ತೇನೆ" ಎನ್ನಿ. ವೈವಾದಲ್ಲಿ ಏನಾದರೊಂದು ಹೇಳಿಬಿಡುವ ಕಾಲೇಜಿನ ಚಾಳಿ ಇಲ್ಲಿ ಮುಳುಗಿಸುತ್ತದೆ. ಗಾಳಿ ಜಾಸ್ತಿ ಇದ್ದರೆ ಹಾರುವುದಿಲ್ಲ ಎಂದು ನೀವೇ ಹೇಳಿ. ಅದು ಫೇಲ್ ಅಲ್ಲ, ಉಳಿದದ್ದನ್ನು ಇನ್ನೊಂದು ದಿನ ಮುಗಿಸಬಹುದು. ಒಂದು ಭಾಗದಲ್ಲಿ ಫೇಲಾದರೂ, ಮತ್ತೆ ಪಾಠ ತೆಗೆದುಕೊಂಡು 60 ದಿನದೊಳಗೆ ಬಂದರೆ, ಸಾಮಾನ್ಯವಾಗಿ ಆ ಭಾಗವನ್ನು ಮಾತ್ರ ಮತ್ತೆ ನೋಡುತ್ತಾರೆ.

ಹಂತ 12: ಕೈಗೆ ಬಂದ ಮೇಲೆ

ಅವತ್ತೇ ಒಂದು ತಾತ್ಕಾಲಿಕ ಕಾಗದ ಸಿಗುತ್ತದೆ, 120 ದಿನಕ್ಕೆ. ಪ್ಲಾಸ್ಟಿಕ್ ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಮನೆ ಬದಲಾಯಿಸಿದರೆ 30 ದಿನದೊಳಗೆ ಎಫ್‌ಎಎಗೆ ವಿಳಾಸ ತಿಳಿಸಿ. ಕಾರ್ಡಿಗೆ ಕೊನೆಯ ದಿನ ಇಲ್ಲ, ಆದರೆ 24 ತಿಂಗಳಿಗೊಮ್ಮೆ ಇನ್‌ಸ್ಟ್ರಕ್ಟರ್ ಜತೆ ಫ್ಲೈಟ್ ರಿವ್ಯೂ ಆಗಬೇಕು. ಯಾರನ್ನಾದರೂ ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರಬೇಕು. ಬಾಡಿಗೆ ವಿಮಾನಕ್ಕೆ ನಿಮ್ಮದೇ ಇನ್ಶೂರೆನ್ಸ್ ಮಾಡಿಸಿ.

ಗೆಳೆಯರು ಖರ್ಚು ಹಂಚಿಕೊಳ್ಳಬಹುದು, ಆದರೆ ನಿಮ್ಮ ಪಾಲು ನೀವು ಕೊಡಲೇಬೇಕು. ಮೂವರಿದ್ದರೆ ಮೂರರಲ್ಲಿ ಒಂದು ಪಾಲು ನಿಮ್ಮದು.

ಇನ್ನು ಊರಿಂದ ಅಪ್ಪ ಅಮ್ಮ ಬಂದಾಗ. ಸೆಸ್ನಾ 172ರಲ್ಲಿ ನಾಲ್ಕು ಸೀಟಿದೆ ಎಂದು ನಾಲ್ವರನ್ನೂ ಕರೆಯಬೇಡಿ. ಟ್ಯಾಂಕ್ ತುಂಬಿದ್ದರೆ ನಾಲ್ಕು ದೊಡ್ಡವರ ಭಾರವನ್ನು ಅದು ಸಾಮಾನ್ಯವಾಗಿ ತಡೆಯುವುದಿಲ್ಲ. ಪ್ರತಿಯೊಬ್ಬರ ತೂಕ ಬರೆದು, ಕೈಪಿಡಿಯ ಕೋಷ್ಟಕದಲ್ಲಿ ಹಾಕಿ ನೋಡಬೇಕು. ಬಾಯಲ್ಲಿ ಕೇಳಿದರೆ ಎಲ್ಲರೂ ಐದು ಕೆಜಿ ಕಡಿಮೆ ಹೇಳುತ್ತಾರೆ. ನಾನು ಬಾತ್‌ರೂಮಿನ ತೂಕದ ಯಂತ್ರವನ್ನು ಹಾಲಿಗೆ ತಂದಿಟ್ಟೆ. ಅಪ್ಪ ಹತ್ತಿದರು. ಅಮ್ಮ ಮಾತ್ರ "ನೀನು ಆ ಕಡೆ ತಿರುಗು, ನಾನೇ ನೋಡಿ ಹೇಳ್ತೀನಿ" ಎಂದರು. ಆ ಲೆಕ್ಕಕ್ಕೆ ಐದು ಕೆಜಿ ಸೇರಿಸಿಕೊಂಡೆ.